ಅಕ್ಕನ ಲಗ್ನಪತ್ರಿಕೆಗಳಿದ್ದ ಡಬ್ಬಿ

ಕೆಂಪಾಪುರದಲ್ಲಿ ನಮ್ಮಕ್ಕನದೊಂದು ಲಗ್ನಪತ್ರಿಕೆ ಅಂಗಡಿ ಇತ್ತು. ಕಂಪ್ಯೂಟರಿನಲ್ಲಿ ಪತ್ರಿಕೆ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ಅವಳ ಕೆಲಸ. ಅಚ್ಚಾಗಿ ಬಂದದ್ದನ್ನು ಕಟ್ಟು ಕಟ್ಟಿ ಮನೆಮನೆಗೆ ತಲುಪಿಸುವುದು ನನ್ನದು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಅಷ್ಟೇ.

ನಮ್ಮ ಕಡೆ ಪತ್ರಿಕೆಯೆಂದರೆ ಗಂಡು ಹೆಣ್ಣಿನ ಹೆಸರು, ಮುಹೂರ್ತ ಮಾತ್ರ ಅಲ್ಲ. ಕೆಳಗೆ 'ಸುಖಾಗಮನ ಬಯಸುವವರು' ಎಂದು ಇಡೀ ಮನೆತನ ಬರಬೇಕು. ಯಾರು ಮೊದಲು, ಯಾರು ಆಮೇಲೆ, ಮಾತು ಬಿಟ್ಟಿರುವ ಚಿಕ್ಕಪ್ಪನನ್ನು ಎಲ್ಲಿ ಹಾಕಬೇಕು ಎಂಬುದರಲ್ಲೇ ಜಗಳ ಇರುತ್ತದೆ. 'ಓದ್ಸಲ ಆಕಿದ್ಯಲ್ಲಮ್ಮ, ಅಂಗೇ ಆಕ್ಬುಡು' ಎಂದು ಜನ ಬರುತ್ತಿದ್ದರು. ಅಕ್ಕ ಅವರ ದೊಡ್ಡ ಮಗನ ಪತ್ರಿಕೆ ತೆಗೆದು, ಅದೇ ಸಾಲುಗಳನ್ನು ಉಳಿಸಿಕೊಂಡು ಚಿಕ್ಕ ಮಗಳದನ್ನು ಮಾಡಿಕೊಡುತ್ತಿದ್ದಳು. ಪೇಟೆಯ ಅಂಗಡಿ ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದುದೇ ಅದಕ್ಕೆ.

ಆ ಪತ್ರಿಕೆಗಳೆಲ್ಲ ಒಂದು ಹಳೆಯ ಕಪ್ಪು ಡಬ್ಬಿಯಲ್ಲಿದ್ದವು. ಒಳಗೆ ಡಿಸ್ಕುಗಳು, ಹಿಂದೆ ಇಂಟರ್‌ನೆಟ್ ರೂಟರಿಗೆ ಹೋಗುವ ಒಂದು ವೈರು. ಅಂಗಡಿಯ ಕಂಪ್ಯೂಟರುಗಳಿಗೆ ಡಬ್ಬಿ ಕಾಣುತ್ತಿದ್ದುದು ಆ ರೂಟರಿನ ಮೂಲಕವೇ. ಯಾರನ್ನೂ ಕರೆಯದೆ ಅಕ್ಕನೇ ಓದಿ ತಿಳಿದು ಜೋಡಿಸಿದ್ದಳು.

ಒಂದು ವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಆಯುಧಪೂಜೆಗೆ ಆಸ್ಪತ್ರೆಯಲ್ಲೇ ಇದ್ದಳು. "ಪೂಜೆ ಮಾಡು, ಆದ್ರೆ ಡಬ್ಬಿ ತಂಟೆಗೆ ಓಗ್ಬೇಡ ಕಣೋ. ಒರ್ಸೋದೂ ಬ್ಯಾಡ" ಎಂದಿದ್ದಳು.

ನಾನು ಎಲ್ಲ ವೈರುಗಳನ್ನೂ ಕಿತ್ತು ಒರೆಸಿದೆ. ಮಾನಿಟರಿಗೆ, ಪ್ರಿಂಟರಿಗೆ, ಡಬ್ಬಿಗೆ ವಿಭೂತಿ ಬಳಿದು ಕುಂಕುಮ ಇಟ್ಟೆ. ಒಳ್ಳೆಯ ದಿನವೆಂದು ಹೊಸ ಇಂಟರ್‌ನೆಟ್ ಲೈನನ್ನೂ ಅವತ್ತೇ ಹಾಕಿಸಿದೆ. ಅಕ್ಕ ಬಂದು ಸ್ಪೀಡು ನೋಡಿ ಖುಷಿಪಡಲಿ ಎಂದುಕೊಂಡಿದ್ದೆ. ಲೈನಿನವನು ಹೊಸ ರೂಟರ್ ಕೂರಿಸಿದ. ಹಳೆಯದನ್ನು ಕೇಳಿದ, ಕೊಟ್ಟುಬಿಟ್ಟೆ. ಮಂಗಳಾರತಿ ಮುಗಿಸಿ ಕಂಪ್ಯೂಟರ್ ಹಾಕಿದರೆ ಅದರಲ್ಲಿ ಡಬ್ಬಿ ಕಾಣಲಿಲ್ಲ.

ವೈರು ಬದಲಾಯಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಡಬ್ಬಿಯ ಹಳದಿ ದೀಪ ಮಿನುಗುತ್ತಲೇ ಇತ್ತು. ಲೈನಿನವನಿಗೆ ಫೋನ್ ಮಾಡಿದೆ.

"ನಮ್ ಲೈನ್ ಸರಿಯಾಗಿದೆ ಗುರು. ಆ ಡಬ್ಬಿ ಹಳೇ ರೂಟರ್ ಅಡ್ರೆಸ್ಸೇ ಹಿಡ್ಕೊಂಡ್ ಕೂತಿರುತ್ತೆ. ಅದನ್ನ ಸೆಟ್ ಮಾಡ್ದೋರ್ನ ಕೇಳಿ, ಎರಡ್ ನಿಮಿಷದ ಕೆಲ್ಸ."

ಸೆಟ್ ಮಾಡಿದವಳು ಅಕ್ಕ. ಅವಳನ್ನು ಕೇಳಬೇಕಾದರೆ ಮುಟ್ಟಿದೆನೆಂದು ಹೇಳಬೇಕಿತ್ತು. ನಾನು ಕೇಳಲಿಲ್ಲ. ಸಂಜೆ ಅವಳೇ ಫೋನ್ ಮಾಡಿ, "ಎಲ್ಲ ಸರಿ ಐತೇನೋ?" ಎಂದಳು. "ಸರಿ ಐತಕ್ಕ" ಎಂದೆ.

ಪಕ್ಕದ ಮೊಬೈಲ್ ಅಂಗಡಿಯವನು ಇಣುಕಿದ. "ಏನ್ ಮಚ್ಚಾ, ಕುಂಬಳಕಾಯಿ ಜೊತೆ ಡಬ್ಬೀನೂ ಒಡೆದಾಕ್ಬುಟ್ಯಾ? ಇಂದೆ ತೂತೈತೆ ನೋಡು, ಪಿನ್ ಚುಚ್ಚಿ ರೀಸೆಟ್ ಒಡಿ."

ಪಿನ್ ಚುಚ್ಚಿ, ಬೀಪ್ ಶಬ್ದ ಬಂದು ನಿಂತರೂ ಬಿಡದೆ ಒತ್ತಿ ಹಿಡಿದೆ. ಡಬ್ಬಿ ಕಂಪ್ಯೂಟರಿನಲ್ಲಿ ಕಂಡಿತು. ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಮೊಬೈಲಿನಲ್ಲಿ ಏನು ಕೇಳಿದರೂ ನಾನು ನೀಲಿ ಬಟನ್ನು ಒತ್ತುವವನು, ಇಲ್ಲೂ ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಗೆರೆಯೊಂದು ನಿಧಾನವಾಗಿ ತುಂಬುತ್ತಾ ಹೋಯಿತು. ಪತ್ರಿಕೆಗಳು ಬರುತ್ತಿವೆ ಎಂದುಕೊಂಡು ಊದಿನಕಡ್ಡಿಯ ಬೂದಿ ಒರೆಸುತ್ತಾ ಕಾದೆ. ಕೊನೆಗೆ ಡಬ್ಬಿ ತೆರೆಯಿತು. ಒಳಗೆ ಒಂದು ಹೆಸರೂ ಇರಲಿಲ್ಲ.

ಅಕ್ಕ ಮನೆಗೆ ಬಂದ ಮೇಲೆ, "ತಾನಾಗೇ ಓಯ್ತಕ್ಕ. ಕರೆಂಟ್ ಓಗಿ ಬಂತು, ಆಮೇಲೆ ಏಳ್ಲೇ ಇಲ್ಲ" ಎಂದೆ. ಅವಳು ಡಬ್ಬಿಯ ಮೇಲಿನ ಕುಂಕುಮ ನೋಡಿದಳು. ಹೋದ ಫೈಲುಗಳನ್ನು ಡಿಸ್ಕಿನಿಂದ ತೆಗೆದುಕೊಡುವವರು ಎಸ್.ಪಿ. ರೋಡಿನಲ್ಲಿ ಇದ್ದಾರಂತೆ, ತಗೊಂಡೋಗು ಎಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹಳೆಯ ಸೀರೆಯೊಂದರಲ್ಲಿ ಡಬ್ಬಿಯನ್ನು ಸುತ್ತಿಕೊಟ್ಟಳು.

ನಾನು ಹೆಬ್ಬಾಳದ ಫ್ಲೈಓವರ್ ಕೆಳಗಿನ ಬಸ್ ಸ್ಟಾಪಿನವರೆಗೆ ಹೋದೆ. ಬಸ್ಸುಗಳು ಬಂದವು, ಹೋದವು. ಅವರು ತೆರೆದು ನೋಡಿದರೆ, ಇದು ಕೆಟ್ಟಿದ್ದಲ್ಲ, ಯಾರೋ ಕೈಯಾರೆ ಅಳಿಸಿದ್ದು ಎಂದು ಹೇಳುತ್ತಾರೆ. ಅದೊಂದೇ ತಲೆಯಲ್ಲಿತ್ತು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದು ವಾಪಸು ಬಂದೆ. "ಆಗಲ್ಲಂತೆ" ಎಂದೆ. ಆಗಲೇ ಕೊಟ್ಟಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತೇನೋ ಎಂದು ಬಹಳ ದಿನಗಳ ಮೇಲೆ ಒಬ್ಬರು ಹೇಳಿದರು. ಅಷ್ಟರಲ್ಲಿ ಅದನ್ನು ಗುಜರಿಗೆ ಹಾಕಿ ಆಗಿತ್ತು.

ಆಮೇಲೆ ಅಕ್ಕ ಜನರನ್ನೇ ಕೇಳಿ ಕೇಳಿ ಹೆಸರು ಬರೆದುಕೊಳ್ಳಬೇಕಾಯಿತು. ಹಳೆಯ ಗಿರಾಕಿ ಹೆಂಗಸೊಬ್ಬಳು ಮದುವೆ ಮುಗಿದ ಮೇಲೆ ಅಂಗಡಿ ಬಾಗಿಲಲ್ಲಿ ನಿಂತಳು. "ನೀನ್ ಬರೆದಿದ್ದು ಅಂತ ನಾನು ಓದ್ನೂ ಇಲ್ಲ ಕಣಮ್ಮ. ನನ್ ಮೈದುನನ ಎಸ್ರೇ ಇಲ್ಲ. ಧಾರೆಗೂ ನಿಲ್ದೆ ಎದ್ದೋದ. ಅವನಿಗೆ ಏನಂತ ಯೋಳ್ಲಿ?" ಅಕ್ಕ ತಲೆ ತಗ್ಗಿಸಿದ್ದಳು. ನಾನು ಒಳಗೆ ಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದೆ.

ಆ ಮನೆಯವರು ಮತ್ತೆ ಬರಲಿಲ್ಲ. ಅವರ ನೆಂಟರೂ ಬರಲಿಲ್ಲ. ಅಂಗಡಿ ಮುಚ್ಚಿದೆವು. ಅಕ್ಕ ಈಗ ಬೇರೆಯವರ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಾಳೆ.

ಮೊನ್ನೆ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು: "ತಪ್ಪು ನಂದೇ ಕಣೋ. ಅಳೇ ಮಿಷಿನ್ ನಂಬ್ಕೊಂಡು ಇನ್ನೊಂದ್ ಕಾಪಿ ಇಡ್ನಿಲ್ಲ. ನೀನೂ ಪಾಪ ಎಷ್ಟ್ ಅಲೆದೆ."

ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ನಾನು ಸಾರು ಹಾಕು ಎಂದೆ.