ಯಾರಿಗೆ ಮೊದಲು ತಟ್ಟೆ

ನಂಜಪ್ಪಣ್ಣನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ಇದ್ದದ್ದು ಅವರ ಬೆನ್ನ ಹಿಂದೆ. ಹಾಗೆ ಕೂತ ಇನ್ನೊಬ್ಬ ಮಾಲೀಕರನ್ನು ನಾನು ಕಂಡಿಲ್ಲ. ಚಿಲ್ಲರೆ ಕೊಡಬೇಕಾದರೆ ಪ್ರತಿ ಸಲವೂ ಸೊಂಟ ತಿರುಗಿಸಿ, 'ಉಸ್ಸಪ್ಪಾ' ಎಂದು, ಮತ್ತೆ ಮುಂದಕ್ಕೆ ತಿರುಗಬೇಕು. ಕುರ್ಚಿಯನ್ನು ಈ ಕಡೆ ಹಾಕಿಕೊಳ್ಳಿ ಎಂದು ನಾವೆಲ್ಲ ಹೇಳಿ ಹೇಳಿ ಸಾಕಾಗಿತ್ತು. ಅವರಿಗೆ ರಸ್ತೆ ಕಾಣಬೇಕಿತ್ತು, ರಸ್ತೆಯಲ್ಲಿ ನಿಲ್ಲುವ ಬಸ್ಸು ಕಾಣಬೇಕಿತ್ತು, ಬಸ್ಸಿನ ಮೆಟ್ಟಿಲಿನಿಂದ ಇಳಿಯುವವರ ಮುಖ ಕಾಣಬೇಕಿತ್ತು.

ಹೋಟೆಲು ಇದ್ದದ್ದು ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗುವ ಹಳೆಯ ಮೈಸೂರು ರಸ್ತೆಯಲ್ಲಿ. ಆಗ ಬಸ್ಸುಗಳೆಲ್ಲ ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದವು. ಆ ಹತ್ತು ನಿಮಿಷದಲ್ಲಿ ಇಡೀ ಬಸ್ಸು ಇಳಿದು, ತಿಂದು, ಕೈ ತೊಳೆದು, ಮತ್ತೆ ಹತ್ತಬೇಕು. ಹಾಗಾಗಿ ನಮ್ಮಲ್ಲಿ ಕೆಲಸ ಎಂದರೆ ಓಟ.

ಕೆಲಸ ಕೇಳಿಕೊಂಡು ಬಂದವರನ್ನು ನಂಜಪ್ಪಣ್ಣ ಯಾವ ಊರು, ಎಷ್ಟು ಓದಿದ್ದೀಯ ಎಂದು ಕೇಳುತ್ತಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ರಸ್ತೆ ನೋಡುತ್ತಿದ್ದರು. ಬಸ್ಸು ಬಂದು ಜನ ಇಳಿದು ಒಳಗೆ ನುಗ್ಗುವಾಗ ಮೆಲ್ಲಗೆ, "ನೋಡು, ಯಾರಿಗ್ ಮೊದ್ಲು ತಟ್ಟೆ ಇಕ್ತೀಯ?" ಎನ್ನುತ್ತಿದ್ದರು. ಅಷ್ಟೇ ಅವರ ಸಂದರ್ಶನ.

ಬಹಳಷ್ಟು ಜನ ಡ್ರೈವರನ್ನು ತೋರಿಸುತ್ತಿದ್ದರು. ಬಸ್ಸು ನಿಲ್ಲಿಸುವವನು ಅವನೇ ಅಲ್ಲವೇ? "ಅವ್ನಿಗೆ ಒಸಿ ತಡವಾದ್ರೆ ಬಸ್ ಬುಟ್ಟು ಓಡೋಗಾಕಿಲ್ಲ ಕಣ್ಲಾ. ಕಾಫಿ ಕುಡ್ದು ಹೊಂಡು," ಎಂದು ಕಳಿಸಿಬಿಡುತ್ತಿದ್ದರು. ಅವರ ಹೆಂಡತಿ ಜಯಮ್ಮನ ಅಣ್ಣನ ಮಗನೇ ಒಮ್ಮೆ ಬಂದು ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯನೊಬ್ಬನನ್ನು ತೋರಿಸಿದ. ಅವನಿಗೂ ಕಾಫಿಯೇ ಗತಿಯಾಯಿತು. ಜಯಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಾಚೆ ಚಟ್ನಿ ರುಬ್ಬುತ್ತಿದ್ದವರು. ಆಚೆ ಬರುವುದೇ ಅಪರೂಪ. ಆ ದಿನ ಮಾತ್ರ ಬಾಗಿಲಿಗೆ ಬಂದು ಗಂಡನ ಬೆನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು. ಚಟ್ನಿಗೆ ಖಾರ ಜಾಸ್ತಿಯಾಗಿತ್ತು. ನಂಜಪ್ಪಣ್ಣ ಕಣ್ಣೊರೆಸಿಕೊಂಡು ತಿಂದರು.

ನಾನು ಬೈರಮಂಗಲದ ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಕೆಲಸ ಹುಡುಕುತ್ತ ಅಲ್ಲಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂತೆ. ಬಸ್ಸು ಬಂತು. ಕೂಗಾಡುವವರು ಕೂಗಾಡಿದರು, ಮಗು ಎತ್ತಿಕೊಂಡವರು ಜಾಗ ಹಿಡಿದರು. ಒಬ್ಬ ಹೆಂಗಸು ಮಾತ್ರ ಯಾವ ಬೆಂಚಿನ ಕಡೆಗೂ ಹೋಗದೆ ನೀರಿನ ಡ್ರಮ್ಮಿನ ಹತ್ತಿರ ನಿಂತು ಒಂದು ಲೋಟ ಕುಡಿದಳು. ಸ್ವಲ್ಪ ತಡೆದು ಇನ್ನೊಂದು ಲೋಟ ಕುಡಿದಳು. ನಾನು ಅವಳನ್ನು ತೋರಿಸಿದೆ.

"ಯಾಕವ್ವ?"

"ಎರಡನೇ ಲೋಟ ಬಾಯಾರಿಕೆಗಲ್ಲ ಅಣ್ಣ. ನಾನೂ ಅಂಗೇ ಕುಡ್ದೀವ್ನಿ," ಎಂದೆ. ಅಷ್ಟು ಹೇಳಿದ್ದೇ ಅಳು ಬಂದುಬಿಟ್ಟಿತು.

ನಂಜಪ್ಪಣ್ಣ ಎದ್ದು ಹೋಗಿ ತಾವೇ ಆ ಹೆಂಗಸಿನ ಕೈಗೆ ಇಡ್ಲಿ ಕೊಟ್ಟು ಬಂದರು. ಆಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲರ ಮುಂದೆ ನಿಲ್ಲಿಸಿದರು. "ಇವ್ಳು ಭಾಗ್ಯ. ಹಸ್ದೋರು ಇವ್ಳ ಕಣ್ಗೆ ಬೀಳ್ತಾರೆ. ಅಳು ಬಿರ್ರನೆ ಬತ್ತದೆ. ಯಾರೂ ರೇಗಿಸ್ಬ್ಯಾಡಿ."

ಇದು ಅವರ ಪದ್ಧತಿ. ಹೊಸಬರನ್ನು ಮೊದಲ ದಿನವೇ ನಿಲ್ಲಿಸಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಹೇಳುವುದು. ಕೇಳುವವರಿಗೆ ಮುಜುಗರ, ನಿಂತವರಿಗೆ ಪ್ರಾಣಸಂಕಟ. ನನಗಂತೂ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಆದರೆ ಆಮೇಲೆ ಒಂದು ದಿನವೂ ಯಾರೂ ನನ್ನ ಕಣ್ಣೀರನ್ನು ಆಡಿಕೊಳ್ಳಲಿಲ್ಲ. ಅಳು ಬಂದಾಗ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ತಾವು ಓಡುತ್ತಿದ್ದರು. ದೋಸೆ ಕಲ್ಲಿನ ಮುಂದೆ ನಿಲ್ಲುತ್ತಿದ್ದ ಕೆಂಪಯ್ಯನ ಕೆಟ್ಟದ್ದು ಸಿಟ್ಟು. ಸಿಟ್ಟು ಬಂದರೆ ಸಟ್ಟುಗ ಎಸೆಯುತ್ತಿದ್ದ, ಮನುಷ್ಯರ ಮೇಲಲ್ಲ, ಗೋಡೆಗೆ. ಆ ಗೋಡೆಯ ಕಡೆ ಯಾರೂ ನಿಲ್ಲುತ್ತಿರಲಿಲ್ಲ. ಸಟ್ಟುಗ ಬಿದ್ದ ಸದ್ದು ಕೇಳಿದರೆ ಯಾರಾದರೂ ಎತ್ತಿ ತೊಳೆದು ಅವನ ಪಕ್ಕ ಇಡುತ್ತಿದ್ದರು, ಅವನು ತಲೆ ತಗ್ಗಿಸಿ ಮುಂದಿನ ದೋಸೆ ಹುಯ್ಯುತ್ತಿದ್ದ.

ಆಮೇಲೆ ಹೊಸ ಹೆದ್ದಾರಿ ತೆರೆಯಿತು. ದೂರದ ಬಸ್ಸುಗಳು ಊರಿನ ಹೊರಗಿನಿಂದಲೇ ಹೋಗತೊಡಗಿದವು. ನಂಜಪ್ಪಣ್ಣ ಅದೇ ಕುರ್ಚಿಯಲ್ಲಿ ಅದೇ ರಸ್ತೆ ನೋಡುತ್ತ ಕೂತರು. "ಒಸಿ ದಿನ ಹೊಸ್ದು ನೋಡ್ತಾರೆ, ಆಮೇಕೆ ಹಳೇ ರುಚಿ ನೆಪ್ಪಾಯ್ತದೆ," ಎನ್ನುತ್ತಿದ್ದರು. ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನದ ಹೊತ್ತು ರಸ್ತೆ ನಾಯಿ ಮಲಗುವಷ್ಟು ನಿಶ್ಶಬ್ದವಾಯಿತು.

ಹೋಟೆಲು ಮುಚ್ಚಬೇಕು ಎಂದು ಗೊತ್ತಾದ ಮೇಲೆ ಅವರು ಒಂದು ಹಟ ಹಿಡಿದರು. ತಾವು ಆರಿಸಿ ತಂದವರೆಲ್ಲರಿಗೂ ಒಂದು ಜಾಗ ಸಿಗುವ ತನಕ ಶೆಟರ್ ಎಳೆಯುವುದಿಲ್ಲ ಎಂದು. ಒಬ್ಬೊಬ್ಬರನ್ನೇ ಬಸ್ಸಿನಲ್ಲಿ ಕರೆದುಕೊಂಡು ಹೊರಡುತ್ತಿದ್ದರು. ನನ್ನನ್ನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಅಲ್ಲಿನ ಮ್ಯಾನೇಜರ್ ಮುಂದೆ ನಿಂತು ಅದೇ ರಾಗ: "ಹಸ್ದೋರು ಇವ್ಳ ಕಣ್ಗೆ ಬೀಳ್ತಾರೆ ಸಾರ್. ಅಳು ಜಾಸ್ತಿ. ಬಯ್ಯೋದಾದ್ರೆ ಬಯ್ರಿ, ಎಲ್ಲಾರ್ ಮುಂದೆ ಬಯ್ಬ್ಯಾಡಿ." ಮ್ಯಾನೇಜರ್ ನಕ್ಕುಬಿಟ್ಟರು. ಕೆಲಸ ಸಿಕ್ಕಿತು.

ಕೆಂಪಯ್ಯನನ್ನೂ ಅಲ್ಲಿಗೇ ಕರೆತಂದರು. "ಇವ್ನ ಕೈಲಿ ದೋಸೆ ಹರಿಯಾಕಿಲ್ಲ ಸಾರ್. ಸಿಟ್ಟು ಬಂದ್ರೆ ಸಟ್ಟುಗ ಎಸೀತಾನೆ," ಎಂದರು. ಈ ಸಲ ಮ್ಯಾನೇಜರ್ ನಗಲಿಲ್ಲ, ಬೇಡ ಎಂದರು. ಆಚೆ ಬಂದ ಮೇಲೆ ನನಗೇ ಸಿಟ್ಟು ಬಂತು.

"ಅದನ್ಯಾಕಣ್ಣ ಹೇಳಕ್ಕೋದ್ರಿ? ಕೇಳಿದ್ರಾ ಅವ್ರು?"

"ಮುಚ್ಚಿಟ್ಟು ಸೇರಿಸ್ಬೋದು ಕಣವ್ವ. ಮೊದ್ಲ ಸಟ್ಟುಗ ಎಸ್ದ ದಿನ್ವೇ ಆಚ್ಗಾಕ್ತಾರೆ. ಗೊತ್ತಿದ್ದು ಸೇರಿಸ್ಕಂಡೋರಾದ್ರೆ ಒಂದ್ಸಲ ತಡ್ಕತಾರೆ."

ಕನಕಪುರದ ಹೋಟೆಲುಗಳಿಗೆ ಹೋದರು, ಮಾಗಡಿಯ ಬಸ್ ಸ್ಟ್ಯಾಂಡಿನ ಸುತ್ತ ಕೇಳಿದರು. ಎಲ್ಲ ಕಡೆ ದೋಸೆಯ ಜೊತೆಗೆ ಸಟ್ಟುಗವನ್ನೂ ಹೇಳಿದರು. ಎಲ್ಲರೂ ಬೇಡವೆಂದರು. ಉಳಿದವರೆಲ್ಲ ಒಂದೊಂದು ಕಡೆ ಸೇರಿಕೊಂಡ ಮೇಲೂ ಕೆಂಪಯ್ಯನೊಬ್ಬನಿಗೋಸ್ಕರ ಹೋಟೆಲು ತೆರೆದೇ ಇತ್ತು. ನಂಜಪ್ಪಣ್ಣನ ಕಾಲು ಊದಿಕೊಳ್ಳುತ್ತಿತ್ತು. ಎದೆಯ ತೊಂದರೆ, ಮಲಗಿರಬೇಕು ಎಂದು ಡಾಕ್ಟರ್ ಹೇಳಿದ್ದರು. ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅವರು ರಸ್ತೆ ಕಾಯುತ್ತಿದ್ದರು. ವಾರದ ರಜೆಗೆ ನಾನು ಹೋದಾಗಲೆಲ್ಲ ಮೊದಲ ಪ್ರಶ್ನೆ, "ಉಂಡ್ಯೇನವ್ವ?" ಎರಡನೆಯದು, "ಕೆಂಪಯ್ಯನ್ ವಿಷ್ಯ ಏನಾಯ್ತು?"

ಕೊನೆಗೆ ದಾರಿ ತೆರೆದದ್ದು ನಮ್ಮ ಕ್ಯಾಂಟೀನಿನಲ್ಲೇ. ಒಬ್ಬರ ಹಿಂದೆ ಒಬ್ಬರು ದೋಸೆಯವರು ಹೇಳದೆ ಕೇಳದೆ ಬಿಟ್ಟುಹೋದರು. ಬೇಸತ್ತ ಮ್ಯಾನೇಜರ್ ಒಂದು ದಿನ, "ಭಾಗ್ಯಮ್ಮ, ಆ ಸಟ್ಟುಗ ಎಸೆಯುವವರು ಇನ್ನೂ ಇದ್ದಾರಾ? ಅವರ ವಿಷಯವಾದರೂ ನಮಗೆ ಮೊದಲೇ ಗೊತ್ತು," ಎಂದರು. ಕೂಡಲೇ ನಂಜಪ್ಪಣ್ಣನಿಗೆ ಫೋನ್ ಮಾಡಿ ಹೇಳಿದೆ.

ಕೆಂಪಯ್ಯನನ್ನು ಕರೆತರಲು ನಾನೇ ಹೋದೆ. ನಂಜಪ್ಪಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತೇ. ಕೆಂಪಯ್ಯ ದೋಸೆ ಕಲ್ಲು ತಣಿಸಿ, ಎಣ್ಣೆ ಸವರಿ, ಗೋಡೆಗೆ ಒರಗಿಸಿಟ್ಟ. ಅವನೇ ಶೆಟರಿಗೆ ಕೈ ಹಾಕಿದಾಗ ನಂಜಪ್ಪಣ್ಣ ತಡೆದು, ಕಾಲೆಳೆದುಕೊಂಡು ಬಂದು ತಾವೇ ಎಳೆದರು. ಅರ್ಧಕ್ಕೆ ಸಿಕ್ಕಿಕೊಂಡಿತು. ಇಬ್ಬರೂ ಸೇರಿ ಎಳೆದರು. ಬಸ್ಸು ಕಾಯುತ್ತ ನಿಂತಾಗ ಅವರು ನಗುತ್ತ, "ಎಲ್ಲಾರ್ದೂ ನಾನೇ ಹೇಳ್ದೆ, ನಂದು ಯಾರೂ ಹೇಳ್ನಿಲ್ವಲ್ಲ. ನೀನೇಳ್ಬುಡು ಭಾಗ್ಯ. ಒಳ್ಳೇದೊಂದು, ಕೆಟ್ಟದ್ದೊಂದು," ಎಂದರು.

ಒಳ್ಳೆಯದು ಹೇಳಲು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಕೆಟ್ಟದ್ದು ಹುಡುಕಿದೆ, ಒಂದೂ ಸಿಗಲಿಲ್ಲ.

"ನೋಡ್ಲಾ ಕೆಂಪಯ್ಯ, ನಾನೇಳಿರ್ನಿಲ್ವ? ಅಳು ಬಿರ್ರನೆ ಬತ್ತದೆ," ಎಂದರು. ಬಸ್ಸು ಬಂತು.

ಆ ವರ್ಷ ರಾಗಿ ಕೊಯ್ಲು ಶುರುವಾಗುವ ಮುಂಚೆಯೇ ಅವರು ಹೋಗಿಬಿಟ್ಟರು. ಕೆಂಪಯ್ಯ ಅಷ್ಟರಲ್ಲಿ ಒಂದು ಸಲ ಸಟ್ಟುಗ ಎಸೆದಿದ್ದ, ಮ್ಯಾನೇಜರ್ ತಡೆದುಕೊಂಡಿದ್ದರು. ಅದನ್ನು ನಂಜಪ್ಪಣ್ಣನಿಗೆ ಹೇಳಿ ನಗಿಸಬೇಕು ಎಂದುಕೊಂಡಿದ್ದೆ, ಆಗಲಿಲ್ಲ. ಅವನಿಗೆ ಕೆಲಸ ಸಿಗದೇ ಇದ್ದಿದ್ದರೆ ಅವರು ಇನ್ನಷ್ಟು ದಿನ ಆ ಕುರ್ಚಿಯಲ್ಲಿ ಕೂತಿರುತ್ತಿದ್ದರೇನೋ ಎಂದು ಈಗಲೂ ನನಗೆ ಅನ್ನಿಸುತ್ತದೆ, ಕೆಂಪಯ್ಯನಿಗೆ ಹೇಳಿಲ್ಲ.

ಹನ್ನೊಂದನೇ ದಿನದ ತಿಥಿಗೆ ಶೆಟರ್ ಮತ್ತೆ ಎತ್ತಿದ್ದರು. ಹಳೆಯ ಬೆಂಚುಗಳ ಮೇಲೇ ಊಟ. ಹೋಟೆಲಿನ ನಮ್ಮವರೆಲ್ಲ ಬಂದಿದ್ದರು. ಯಾರೂ ಹೇಳದೆ ಒಬ್ಬ ಬೆಂಚು ಒರೆಸಿದ, ಒಬ್ಬ ನೀರು ಇಟ್ಟ, ಕೆಂಪಯ್ಯ ಮುದ್ದೆ ಕಟ್ಟಲು ನಿಂತ. ನಾನು ಅಭ್ಯಾಸಬಲದಿಂದ ಜನರ ಮುಖ ನೋಡುತ್ತ ಹೋದೆ. ದಾಯಾದಿಗಳು ಕೂತಿದ್ದರು, ನೆಂಟರು ಕೂತಿದ್ದರು, ಮಕ್ಕಳು ಗಲಾಟೆ ಮಾಡುತ್ತಿದ್ದವು. ಹಿಂದಿನ ಗೋಡೆಯ ಹತ್ತಿರ ಜಯಮ್ಮ ಒಬ್ಬರೇ ನಿಂತಿದ್ದರು. ಚೊಂಬಿನಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. ಸ್ವಲ್ಪ ತಡೆದು ಇನ್ನೊಂದು ಲೋಟ ಬಗ್ಗಿಸಿಕೊಂಡರು.

ಅಷ್ಟು ವರ್ಷ ಅಲ್ಲಿ ದುಡಿದರೂ ಜಯಮ್ಮ ಕೂತು ಉಂಡದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನಂಜಪ್ಪಣ್ಣನ ಬೆನ್ನ ಹಿಂದೆ ಇದ್ದದ್ದು ಗಲ್ಲಾಪೆಟ್ಟಿಗೆಯೊಂದೇ ಅಲ್ಲ. ಅವರು ಕೇಳಿದ ಕೆಟ್ಟದ್ದು ಅಂದು ನನಗೆ ಸಿಕ್ಕಿತು, ಹೇಳಲು ಅವರಿರಲಿಲ್ಲ.

ದಾಯಾದಿಗಳ ಸಾಲಿಗೆ ಒಯ್ಯುತ್ತಿದ್ದ ತಟ್ಟೆಯನ್ನು ತಿರುಗಿಸಿಕೊಂಡು ಹೋಗಿ, ಜಯಮ್ಮನನ್ನು ನಂಜಪ್ಪಣ್ಣನ ಕುರ್ಚಿಯಲ್ಲಿ ಕೂರಿಸಿ, ಮುಂದಿಟ್ಟೆ.

"ಎಲ್ಲಾರ್ದೂ ಆಗ್ಲಿ ಬುಡವ್ವ, ಆಮೇಕೆ ಉಣ್ತೀನಿ."

"ಮೊದ್ಲು ನಿಮ್ಗೆ," ಎಂದೆ. ಕೆಂಪಯ್ಯ ಬಿಸಿ ಸಾರು ತಂದು ಹುಯ್ದು, ಬಟ್ಟಲನ್ನು ನನ್ನ ಕೈಗೆ ಕೊಟ್ಟ.

ಜಯಮ್ಮ ಮುದ್ದೆ ಮುರಿದರು. ತುತ್ತು ಕೈಯಲ್ಲೇ ಹಿಡಿದು ಎದುರಿನ ಖಾಲಿ ರಸ್ತೆಯನ್ನು ನೋಡಿದರು. ಆ ಕುರ್ಚಿಯಿಂದ ಅದನ್ನು ಅವರು ನೋಡಿದ್ದು ಅದೇ ಮೊದಲಿರಬೇಕು.

"ಅವ್ರಿದ್ದಿದ್ರೆ ಕೇಳೋರು, ಭಾಗ್ಯ ಉಂಡ್ಳಾ ಅಂತ," ಎಂದರು.

ನನಗೆ ಅಳು ಬಂತು. ಕೈಯಲ್ಲಿದ್ದ ಸಾರಿನ ಬಟ್ಟಲನ್ನು ಯಾರೋ ಇಸಿದುಕೊಂಡು ಓಡಿದರು. ಯಾರೂ ರೇಗಿಸಲಿಲ್ಲ.