ಕಡೆಯ ಬಸ್ಸು ನೋಡಿ ಕೊಟ್ಟ ಸಲಹೆ

ಮೊನ್ನೆ ನನ್ನ ಮೇಜಿನ ಖಾನೆ ಎಳೆದರೂ ಬರಲಿಲ್ಲ. ಕೈ ಹಾಕಿದರೆ ಹಿಂಬದಿಯಲ್ಲಿ ಮಡಚಿದ ಕಾಗದವೊಂದು ಸಿಕ್ಕಿಕೊಂಡಿತ್ತು. ಹಳಿಯಾಳದಿಂದ ಜೋಯಿಡಾ, ದಾಂಡೇಲಿ, ಮುಂಡಗೋಡ ಕಡೆ ಹೊರಡುವ ಬಸ್ಸುಗಳ ವೇಳೆ. ಕಡೆಯ ಬಸ್ಸುಗಳ ಕೆಳಗೆ ಕೆಂಪು ಗೆರೆ. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು, ದೇಸಾಯಿ ಸರ್ ಬರೆದದ್ದು.

ನಮ್ಮ ವಿಶ್ವವಿದ್ಯಾಲಯದ ಹಳಿಯಾಳ ಕೇಂದ್ರದಲ್ಲಿ ಯಾರು ಯಾವ ವಿಷಯ ಓದಬೇಕೆಂದು ಸಲಹೆ ಕೊಡುವ ಕುರ್ಚಿ ಈಗ ನನ್ನದು, ಮೊದಲು ಅವರದು. ದೊಡ್ಡವನಾಗಿ ಸಲಹೆಗಾರನಾಗುತ್ತೇನೆಂದು ಯಾವ ಮಗುವೂ ಹೇಳಿದ್ದನ್ನು ನೀವು ಕೇಳಿರಲಿಕ್ಕಿಲ್ಲ. ದೇಸಾಯಿ ಸರ್ ಕೂಡ ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು ಬರೆಯುತ್ತಿದ್ದವರು. ಆಮೇಲೆ ಮುಂಡಗೋಡದಲ್ಲಿ ಮಾಸ್ತರಿಕೆ, ಖಾಸಗಿಯಾಗಿ ಕಟ್ಟಿದ ಎಂ.ಎ., ಕೊನೆಗೆ ಇಲ್ಲಿ. ಉಳಿದವರಿಗೆ ಅಂಚೆಚೀಟಿ, ನಾಣ್ಯಗಳ ಹುಚ್ಚು; ಇವರಿಗೆ ಬಸ್ಸಿನದು. ರವಿವಾರ ಸ್ಟ್ಯಾಂಡಿನಲ್ಲಿ ನಿಂತು ಗಡಿಯಾರ ನೋಡುವರು. ಬಸ್ಸು ತಡವಾದರೆ ಕರೆದ ಬೀಗರು ಬಾರದೆ ಹೋದಂತೆ ಮುಖ ಸಣ್ಣ ಮಾಡುವರು.

ಜೋಯಿಡಾ ಕಡೆಯ ಹಳ್ಳಿಯಿಂದ ನಾನು ವಿದ್ಯಾರ್ಥಿನಿಯಾಗಿ ಬಂದಾಗ ರಸಾಯನಶಾಸ್ತ್ರ ಓದುವ ಆಸೆಯಿತ್ತು. ಅವರು ನನ್ನ ಅಂಕ ಕೇಳಲಿಲ್ಲ.

"ನಿಮ್ಮೂರಿಗೆ ಕಡೀ ಬಸ್ ಎಷ್ಟಕ್ಕ ಐತಿ, ತಂಗಿ?"

ನಾಲ್ಕೂವರೆಗೆಂದೆ.

"ಪ್ರಯೋಗ ಮುಗಿಯೂದು ಐದಕ್ಕ. ಇತಿಹಾಸ ತಗೋ."

ಅಷ್ಟರಲ್ಲಿ ನನ್ನ ಬದುಕು ಇತ್ಯರ್ಥವಾಯಿತು. ಇತಿಹಾಸ ಓದಿ ಪಾಸಾದೆ, ನೌಕರಿಯೂ ಸಿಕ್ಕಿತು. ಆದರೂ ಪ್ರಯೋಗಾಲಯದ ಮುಂದೆ ಹಾಯುವಾಗ ಆಸಿಡ್ಡಿನ ಘಾಟು ಮೂಗಿಗೆ ಬಡಿದರೆ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಹೊಟ್ಟೆಯೊಳಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ?

ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಚಹಾ ಕುಡಿಯುತ್ತ, ಬಸ್ಸು ನೋಡಿ ವಿಷಯ ಕೊಡುವ ಕಾರಣ ಕೇಳಿಯೇಬಿಟ್ಟೆ. ತಾವೂ ವಿಜ್ಞಾನಕ್ಕೇ ಸೇರಿದ್ದವರಂತೆ. ಕಡೆಯ ಬಸ್ಸಿಗಾಗಿ ದಿನಾ ಪ್ರಯೋಗ ಅರ್ಧಕ್ಕೆ ಬಿಟ್ಟು ಓಡಿ, ಕೊನೆಗೆ ನಪಾಸಾದರಂತೆ. "ನಿಮಗ್ಯಾರಿಗೂ ಹಂಗ ಆಗಬಾರದು" ಎಂದರು. ನನ್ನ ಸಿಟ್ಟು ಅಲ್ಲೇ ಕರಗಿತು. ಮುಂದೆ ಅವರ ಕುರ್ಚಿಯಲ್ಲಿ ಕೂತಾಗ ಕಡೆಯ ಬಸ್ಸಿನ ಅದೇ ಪ್ರಶ್ನೆ ನನ್ನ ಬಾಯಿಗೂ ಬಂದಿತ್ತು.

ಮೊನ್ನೆ ಆ ಕಾಗದ ಮೇಜಿನ ಮೇಲೆ ಹರವಿಕೊಂಡಿರುವಾಗಲೇ ರೋಜಿ ಸಿದ್ದಿ ಎಂಬ ಹುಡುಗಿ ಅರ್ಜಿ ಹಿಡಿದು ಬಂದಳು. ಕಾಡಿನ ಅಂಚಿನ, ನಾಲ್ಕಾರು ಮನೆಗಳ ವಾಡೆಯವಳು. ರಸಾಯನಶಾಸ್ತ್ರ ಬೇಕೆಂದಳು. ನಾನು ರೂಢಿಯಂತೆ ಕಡೆಯ ಬಸ್ಸಿನ ವೇಳೆ ಕೇಳಿದೆ.

"ಬಸ್ಸಿನ ವ್ಯಾಳ್ಯಾ ನನಗ ಗೊತ್ತೈತ್ರಿ, ಮೇಡಂ. ಪ್ರಯೋಗದ ವ್ಯಾಳ್ಯಾ ಯಾಕ ಬದಲಾಗೂದಿಲ್ಲ, ಅದನ್ನ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿರಲಿಲ್ಲವೆಂಬುದೇ ಆಗ ಗೊತ್ತಾಯಿತು. ಅವಳನ್ನು ಕೂರಿಸಿ, ಅಳುಕುತ್ತಲೇ ಮೇಲಿನ ಮಹಡಿಗೆ ಹೋಗಿ ರಸಾಯನಶಾಸ್ತ್ರದ ಮುಖ್ಯಸ್ಥರನ್ನು ಕಂಡೆ. ಅವರು ಚಸ್ಮಾ ಒರೆಸಿಕೊಂಡು ವೇಳಾಪಟ್ಟಿ ನೋಡಿದರು.

"ಮುಂಜಾನೆ ಲ್ಯಾಬ್ ಖಾಲೀನ ಇರತೈತಿ, ಆಗ ಇಟ್ರಾತು. ಇಷ್ಟ್ ದಿನಾ ಯಾರೂ ಬಂದು ಕೇಳಿಲ್ಲಲ್ರಿ."

ದೇಸಾಯಿ ಸರ್ ಮೇಲೆ ಸಿಟ್ಟು ಬಂತು, ಆಮೇಲೆ ಪಾಪ ಅನಿಸಿತು, ಆಮೇಲೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ನಾನು ಇತಿಹಾಸಕ್ಕೆ ಕಳಿಸಿದ ಹುಡುಗಿಯರ ಮುಖಗಳು ಒಂದೊಂದಾಗಿ ನೆನಪಾದವು. ಕೆಳಗಿಳಿದು ಬಂದು ರೋಜಿಯ ಅರ್ಜಿಯಲ್ಲಿ ರಸಾಯನಶಾಸ್ತ್ರ ಎಂದು ಬರೆದೆ. ಅದು ನನ್ನದೇ ಅರ್ಜಿಯೇನೋ ಎಂಬಂತೆ ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡೆ.