ಆಸ್ಪತ್ರೆ ಬಟ್ಟೆಗೆ ಗಂಜಿ

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಕೆಲಸ ಬಿಟ್ಟವನಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದವನಿಗೆ ನೂಲಿನ ಹದ, ಗಂಜಿಯ ಹದ ಯಾರೂ ಕಲಿಸಬೇಕಾಗಿರಲಿಲ್ಲ. ಎಳೆಬಿಸಿಲಿಗೆ ಬೀದಿಯುದ್ದಕ್ಕೂ ಹಾಸುನೂಲು ಬಿಗಿದು, ನಮ್ಮಪ್ಪ ಒಂದು ಕಡೆ ನಾನೊಂದು ಕಡೆ ನಿಂತು ಕುಂಚದಿಂದ ಗಂಜಿ ಹೊಡೆಯುತ್ತಿದ್ದೆವು. ಗಂಜಿ ಕುಡಿಯದ ನೂಲು ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ. ಹಾಗಾಗಿ ಗಂಜಿಯಿಲ್ಲದ ಬಟ್ಟೆ ಬಟ್ಟೆಯೇ ಅಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಆ ನಂಬಿಕೆಯೇ ನನ್ನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ದುಡಿಯುತ್ತಿದ್ದ ಮನೆಯವರು ಮಗ್ಗಗಳನ್ನು ಮಾರಿಬಿಟ್ಟರು. ಅದೇ ಹೊತ್ತಿಗೆ ಮಾಕಳಿದುರ್ಗದ ಬೆಟ್ಟ ಕಾಣುವಷ್ಟು ದೂರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ನೌಕರರು ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಡಿ ಎಂದು ಮೇಲಿನಿಂದ ಕಾಗದ ಬಂತು. ಗುತ್ತಿಗೆ ಎಂದರೆ ರಸ್ತೆಗೆ, ಕಟ್ಟಡಕ್ಕೆ ಎಂದು ತಿಳಿದಿದ್ದ ಕಾಲ ಅದು. ದಿಂಬಿನ ಚೀಲಕ್ಕೂ ಗುತ್ತಿಗೆಯೇ ಎಂದು ಜನ ನಕ್ಕರು. ನಾನು ನಗಲಿಲ್ಲ, ಅರ್ಜಿ ಹಾಕಿದೆ. ಮೂರು ತಿಂಗಳು ಪರೀಕ್ಷೆ. ಕೆಲಸ ಒಪ್ಪಿಗೆಯಾದರೆ ವರ್ಷದ ಗುತ್ತಿಗೆ, ಇಲ್ಲದಿದ್ದರೆ ಮನೆಗೆ.

“ಮಗ್ಗ ಆಡ್ಸಿದ ಕೈಲಿ ಆಸ್ಪತ್ರೆ ರಗತ ಒಗೀತೀಯೇನ್ಲಾ?” ಎಂದ ನನ್ನ ಭಾವಮೈದ.

“ನೀನು ಸಗಣಿ ಎತ್ತಿದ ಕೈಲೇ ಮುದ್ದೆ ಮುರಿಯಲ್ವೇನೋ? ತೊಳ್ಕೊಂಡ್ರೆ ಆಯ್ತಪ್ಪಾ,” ಎಂದೆ.

ಆಸ್ಪತ್ರೆಯ ಹಿಂದೆ ಒಲೆ, ಎರಡು ಹಂಡೆ, ಸಿಮೆಂಟಿನ ತೊಟ್ಟಿ, ನಾಲ್ಕು ಸಾಲು ಹಗ್ಗ. ಅದು ನನ್ನ ಮತ್ತು ನನ್ನ ಹೆಂಡತಿಯ ಸಾಮ್ರಾಜ್ಯ. ರಕ್ತದ ಬಟ್ಟೆಗೆ ಮೊದಲು ತಣ್ಣೀರು, ಬಿಸಿನೀರು ತಾಗಿದರೆ ಕಲೆ ಕಚ್ಚುತ್ತದೆ ಎಂಬುದನ್ನು ಒಂದೇ ವಾರದಲ್ಲಿ ಕಲಿತೆ. ಸೋಡಾ ಹಾಕಿ ಕುದಿಸಿ, ಜಾಲಿಸಿ, ನೀಲಿಯಲ್ಲಿ ಅದ್ದಿ ಹರಡಿದರೆ ಹೊದಿಕೆಗಳು ಕಣ್ಣು ಕೋರೈಸುತ್ತಿದ್ದವು. ವಾರ್ಡಿನಲ್ಲಿ ಒಬ್ಬ ಖಾಯಂ ಅಟೆಂಡರ್ ಇದ್ದ. ನನ್ನ ಹೆಸರು ಹಿಡಿದು ಒಂದು ದಿನವೂ ಕರೆದವನಲ್ಲ.

“ಏನ್ ಗುತ್ತಿಗೆ, ತಿಂಡಿ ಆಯ್ತಾ?”

“ಆಯ್ತು ಖಾಯಂ, ನಿಂದು?”

ಮೂರನೇ ತಿಂಗಳ ಕೊನೆಯ ವಾರ ಹೆಂಗಸರಿಗೆ ಸಂತಾನಹರಣದ ಕ್ಯಾಂಪು ಗೊತ್ತಾಯಿತು. ಆಪರೇಷನ್ ಮಾಡಲು ಬೇರೆ ತಾಲ್ಲೂಕಿನ ಡಾಕ್ಟರು ಬರುವವರಿದ್ದರು. ಕ್ಯಾಂಪು ಮುಗಿದ ಮೇಲೆ ನಮ್ಮ ಆಸ್ಪತ್ರೆಯ ಡಾಕ್ಟರು ನನ್ನ ಗುತ್ತಿಗೆಯ ಬಗ್ಗೆ ಅಭಿಪ್ರಾಯ ಬರೆಯಬೇಕಿತ್ತು. ನನ್ನ ಕೈ ಎಂಥದ್ದು ಎಂದು ತೋರಿಸಿಯೇಬಿಡೋಣ ಅನ್ನಿಸಿತು. ಅಕ್ಕಿಗಂಜಿ ಕಾಯಿಸಿ, ಸೋಸಿ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳಿಗೂ ಹೆರಿಗೆ ವಾರ್ಡಿನ ಕೂಸು ಸುತ್ತುವ ಬಟ್ಟೆಗಳಿಗೂ ಅದ್ದಿದೆ.

“ಸಿಸ್ಟರ್‌ನ ಒಂದ್ ಮಾತು ಕೇಳ್ರೀ,” ಎಂದಳು ಹೆಂಡತಿ.

“ಗಂಜಿ ವಿಷ್ಯ ನಂಗೆ ಹೇಳ್ಕೊಡೋರು ಇದಾರೇನೇ?”

ಕ್ಯಾಂಪಿನ ದಿನ ಬೆಳಿಗ್ಗೆ ಆಪರೇಷನ್ ಕೋಣೆಯ ಸಿಸ್ಟರ್ ಆ ಬಟ್ಟೆಗಳನ್ನು ಡ್ರಮ್ಮಿಗೆ ತುಂಬಿ ಹಬೆಗೆ ಇಟ್ಟಿದ್ದರು. ಮುಚ್ಚಳ ತೆಗೆದದ್ದೇ ತಡ, ನನಗೆ ಕರೆ ಬಂತು. ಬಟ್ಟೆಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಹಸಿಹಸಿಯಾಗಿ ಕೂತಿದ್ದವು.

“ಇದೇನಪ್ಪಾ, ಬಟ್ಟೆನೋ ಹಪ್ಪಳಾನೋ?”

“ಒಳ್ಳೇ ಗಂಜಿ ಸಿಸ್ಟರ್. ಸೋಸಿ ಹಾಕಿದೀನಿ.”

“ಅಯ್ಯೋ ನಿನ್ನ! ಗಂಜಿ ಇದ್ರೆ ಹಬೆ ಒಳಗೆ ಇಳಿಯಲ್ಲ. ಹಬೆ ಇಳೀದಿದ್ರೆ ಕ್ರಿಮಿ ಸಾಯಲ್ಲ. ಒರೆಸಿದ್ರೆ ರಕ್ತಾನೂ ಹೀರಲ್ಲ!”

“ನಮ್ಮಪ್ಪನ ಕಾಲದಿಂದ ನಾವು...” ಎಂದು ನಾನು ಎದೆಯುಬ್ಬಿಸಿದೆ. ಸಿಸ್ಟರ್ ಕೂಸು ಸುತ್ತುವ ಬಟ್ಟೆಯೊಂದನ್ನು ತಂದು ನನ್ನ ಕೆನ್ನೆಗೆ ಉಜ್ಜಿದರು. ಉರಿಯಿತು. ಗಡ್ಡ ಬಂದ ಕೆನ್ನೆಗೇ ಹೀಗೆ. ಇನ್ನು ಎಳೆಕೂಸಿನ ಮೈಗೆ?

ಹೊರಗೆ ಜಗಲಿಯ ಮೇಲೆ ಆಪರೇಷನ್ನಿಗೆ ಬಂದ ಹೆಂಗಸರು ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಕೂತಿದ್ದರು. ಮನೆ, ಹಸು, ಮಕ್ಕಳು ಎಲ್ಲಕ್ಕೂ ಬದಲಿ ಏರ್ಪಾಡು ಮಾಡಿ ಬಂದವರು. ಅವರನ್ನು ವಾಪಸು ಕಳಿಸಿದರೆ ನನ್ನ ಗುತ್ತಿಗೆಯೂ ಅವರ ಹಿಂದೆಯೇ ಗೇಟು ದಾಟುತ್ತಿತ್ತು.

“ಮಧ್ಯಾಹ್ನದೊಳಗೆ ಒಗೆದು ಒಣಗಿಸಿ ಕೊಡ್ತೀನಿ,” ಎಂದು ಓಡಿದೆ.

ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ. ಗಂಜಿ ನನ್ನಷ್ಟೇ ಹಟಮಾರಿ, ಸುಲಭಕ್ಕೆ ಬಿಡಲಿಲ್ಲ. ಯಾರೋ ತೊಟ್ಟಿಗೆ ದಡದಡನೆ ನೀರು ಸುರಿದರು. ನೋಡಿದರೆ ಅಟೆಂಡರ್, ಪ್ಯಾಂಟು ಮೊಣಕಾಲಿಗೆ ಮಡಚಿ ನಿಂತಿದ್ದ. “ನೋಡ್ತೀಯೇನ್ ಗುತ್ತಿಗೆ, ಹಿಂಡು!”

ಒಗೆದದ್ದೇನೋ ಆಯಿತು, ಹರಡಲು ಹಗ್ಗ ಸಾಲದು. ಆಗ ನಮ್ಮ ಬೀದಿ ನೆನಪಾಯಿತು. ಹೊಂಗೆಮರದ ಕೆಳಗೆ ಬೀಡಿ ಸೇದುತ್ತಿದ್ದ ಗಂಡಂದಿರನ್ನೂ ಎಲೆಯಡಿಕೆ ಹಾಕುತ್ತಿದ್ದ ಅತ್ತೆಯಂದಿರನ್ನೂ ಕರೆದೆ. ಕೈ ತೊಳೆಸಿ, ಒಂದು ಬಟ್ಟೆಗೆ ಇಬ್ಬಿಬ್ಬರನ್ನು ನಿಲ್ಲಿಸಿ, ಹಾಸು ಬಿಗಿದ ಹಾಗೆ ಗಾಳಿಗೆ ಎದುರಾಗಿ ಬಿಗಿಹಿಡಿಸಿದೆ.

“ಮದ್ವೇಲಿ ಅಂತರಪಟ ಹಿಡಿದಂಗಾಯ್ತಲ್ಲಪ್ಪಾ!” ಎಂದಿತು ಒಂದು ಮುದುಕಿ.

“ಹಂಗಾದ್ರೆ ಗಂಡು ಯಾರವ್ವಾ?” ಎಂದ ಆ ಬಟ್ಟೆಯ ಇನ್ನೊಂದು ತುದಿ ಹಿಡಿದವನು.

“ಒಂದು ಗಂಡು ಕಟ್ಕೊಂಡು ಸಾಕಾಗೈತೆ, ನೀನು ಬಿಗಿಯಾಗಿ ಹಿಡ್ಕಳ್ಳಪ್ಪಾ!”

ಹಸಿದು ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಷ್ಟರಲ್ಲಿ ಹೊರಗಿನ ಡಾಕ್ಟರ ಜೀಪು ಬಂತು. ಅವರು ಇಳಿಯದೆ ಅಂಗಳವನ್ನೇ ನೋಡುತ್ತಾ ಕೂತರು. “ಇಲ್ಲೇನ್ರೀ ನಡೀತಿದೆ?” ಎಂದು ಕೇಳಿದರೆ ಯಾರಿಗೂ ಉತ್ತರ ಹೇಳುವ ಬಿಡುವಿರಲಿಲ್ಲ.

ಬೇಸಿಗೆಯ ಬಿಸಿಲು ಕೈಬಿಡಲಿಲ್ಲ. ಡ್ರಮ್ಮುಗಳು ಮತ್ತೆ ಹಬೆಗೆ ಏರಿದವು. ಈ ಸಲ ಬಟ್ಟೆ ಬಿಡಿಬಿಡಿಯಾಗಿ, ಒಣಗಿ, ಮೆತ್ತಗೆ ಬಂತು. ಎರಡು ಗಂಟೆ ತಡವಾದರೂ ಆಪರೇಷನ್ನುಗಳೆಲ್ಲ ಹೊತ್ತು ಮುಳುಗುವ ಮೊದಲೇ ಸುಸೂತ್ರವಾಗಿ ಮುಗಿದವು. ಆಮೇಲೆ ನಮ್ಮ ಡಾಕ್ಟರು ನನ್ನನ್ನು ಕರೆಸಿದರು. ಬಾಗಿಲಲ್ಲಿ ಅಟೆಂಡರ್ ತೋಳು ಜಗ್ಗಿದ.

“ಸೋಪಿನ ಪುಡಿ ಕೆಟ್ಟಿತ್ತು ಅಂದ್ಬಿಡು ಗುರು. ಪುಡಿ ಬಂದು ಸಾಕ್ಷಿ ಹೇಳುತ್ತಾ?”

ಒಂದು ಕ್ಷಣ ಹಾಗೇ ಹೇಳಿಬಿಡೋಣ ಅನ್ನಿಸಿದ್ದು ನಿಜ. ಆದರೆ ಅಷ್ಟು ಚೆನ್ನಾಗಿ ಕಾಯಿಸಿದ ಗಂಜಿಯನ್ನು ಕೆಟ್ಟ ಪುಡಿ ಎನ್ನಲು ನಾಲಿಗೆ ಏಳಲಿಲ್ಲ.

“ನಾನೇ ಹಾಕಿದ್ದು ಸಾರ್. ಕೇಳ್ದೆ ಹಾಕ್ದೆ. ತಪ್ಪು ನಂದೇ.”

ಡಾಕ್ಟರು ಸಿಸ್ಟರ್ ಕಡೆ ನೋಡಿದರು. “ಏನಮ್ಮಾ, ಇರ್ಲಾ ಹೋಗ್ಲಾ ಇವನು?”

“ಇಂಥ ಬಿಳುಪು ನನ್ನ ಸರ್ವೀಸಲ್ಲೇ ನೋಡಿಲ್ಲ ಸಾರ್. ಕೈ ಒಳ್ಳೇದು. ತಲೆಗೇ ಸ್ವಲ್ಪ ಗಂಜಿ ಜಾಸ್ತಿಯಾಗಿದೆ.”

ಡಾಕ್ಟರು ನಕ್ಕುಬಿಟ್ಟರು. ಗುಮಾಸ್ತರು ವರ್ಷದ ಗುತ್ತಿಗೆಯ ಕರಾರು ಟೈಪು ಮಾಡಿ ತಂದರು. ಡಾಕ್ಟರು ಸಹಿಗೆ ಮೊದಲು ಕೊನೆಯಲ್ಲಿ ಕೈಯಿಂದಲೇ ಒಂದು ಸಾಲು ಸೇರಿಸಿದರು: ‘ಬಟ್ಟೆಗಳಿಗೆ ಗಂಜಿ ಹಾಕತಕ್ಕದ್ದಲ್ಲ.’

ಅಕ್ಷರದ ಕೆಳಗೆ ಬೆರಳಿಟ್ಟು ಪೂರ್ತಿ ಓದಿದೆ. ಪೆನ್ನು ಹಿಡಿದವನು ಸಹಿ ಹಾಕದೆ ನಿಂತೆ.

“ಇನ್ನೇನಯ್ಯಾ?”

“ಸಾರ್, ನಿಮ್ಮ ಬಿಳೀ ಕೋಟಿಗೆ?”

ಡಾಕ್ಟರು ಬಗ್ಗಿ ತಮ್ಮ ಕೋಟನ್ನು ನೋಡಿಕೊಂಡರು. ಕಾಲರು ಬಾಡಿದ ಸೊಪ್ಪಿನಂತೆ ಜೋತುಬಿದ್ದಿತ್ತು. ಕಾಗದವನ್ನು ಮತ್ತೆ ಎಳೆದುಕೊಂಡು, ಆ ಸಾಲಿನ ಪಕ್ಕದಲ್ಲೇ ಗಂಭೀರವಾಗಿ ಬರೆದರು: ‘ಕೋಟು ಹೊರತು.’

ಆಗ ಸಹಿ ಹಾಕಿದೆ.